ಡ್ರಿಫ್ಟ್‌ವುಡ್ ತುಂಬಾ ಬಿಳಿ ಲೋಳೆ, ತೆಗೆದು ಬಿಸಾಡಲಾ?

ಪ್ರಶ್ನೆ: ಹೊಸ ಮೀನಿನ ಟ್ಯಾಂಕ್‌ಗೆ ಡ್ರಿಫ್ಟ್‌ವುಡ್ (ಅಲಂಕಾರಕ್ಕೆ ಇಡುವ ಒಣ ಮರದ ಕೊಂಬೆ) ಹಾಕಿ ಎಂಟು ದಿನ ಆಯಿತು. ಕೊಂಬೆಯ ತುದಿಯಲ್ಲೆಲ್ಲ ಹತ್ತಿ ಅಂಟಿದ ಹಾಗೆ ಬಿಳಿ ಏನೋ ಬೆಳೆದಿದೆ. ಒಂದು ಕಡೆ ಕಪ್ಪು ಚುಕ್ಕೆಯೂ ಕಾಣಿಸುತ್ತಿದೆ. ನೀರು ಟೀ ಬಣ್ಣಕ್ಕೆ ತಿರುಗಿದೆ. ಮೀನುಗಳಿಗೆ ತೊಂದರೆ ಆಗುತ್ತಾ? ಅನುಭವ ಇದ್ದವರು ಹೇಳಿ.

ಉತ್ತರ 1: ಬಿಸಾಡಬೇಡಿ, ಔಷಧಿಯನ್ನೂ ಹಾಕಬೇಡಿ. ನಾನು ಹಾಕಿ ಕೆಟ್ಟವನು. ಮೊದಲ ಟ್ಯಾಂಕ್‌ನಲ್ಲಿ ಇದೇ ಬಿಳಿ ನೋಡಿ ಗಾಬರಿಯಾಗಿ, ಬೂಷ್ಟಿಗೆ ಅಂತ ಸಿಕ್ಕ ಔಷಧಿ ಸುರಿದೆ. ಅದರಲ್ಲಿ ತಾಮ್ರ ಇದೆ ಅಂತ ಓದಿರಲಿಲ್ಲ. ಬಸವನಹುಳುಗಳೆಲ್ಲ ಸತ್ತವು, ಬಿಳಿ ಮಾತ್ರ ಹಾಗೇ ಇತ್ತು.

ಅದು ಬಯೋಫಿಲ್ಮ್. ಹೊಸ ಮರದೊಳಗೆ ಉಳಿದಿರುವ ಸಕ್ಕರೆ ಅಂಶ ನಿಧಾನವಾಗಿ ಹೊರಗೆ ಬರುತ್ತದೆ. ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಅದನ್ನು ತಿಂದು ಬೆಳೆಯುತ್ತವೆ. ತಿನ್ನಲು ಏನೂ ಉಳಿಯದಿದ್ದಾಗ ತಾವೇ ಹೋಗುತ್ತವೆ. ನನ್ನ ಸ್ಪೈಡರ್‌ವುಡ್‌ಗೆ ಐದು ವಾರ ಬೇಕಾಯಿತು. ಕೆಲವು ಮರಕ್ಕೆ ಎರಡೇ ವಾರ ಸಾಕು. ನೋಡಲು ಅಸಹ್ಯ, ಅಷ್ಟೇ. ಸೀಗಡಿ, ಬಸವನಹುಳುಗಳಿಗೆ ಅದೇ ಊಟ.

ಕಣ್ಣಿಗಿಂತ ಬೆರಳನ್ನು ನಂಬಿ. ಕೈ ತೊಳೆದುಕೊಂಡು (ಸೋಪಿನ ಅಂಶ ಉಳಿಯಬಾರದು) ಉಜ್ಜಿ ನೋಡಿ. ಬಯೋಫಿಲ್ಮ್ ಆದರೆ ಸಿಂಬಳದ ಹಾಗೆ ಜಾರುತ್ತದೆ, ನೀರಿನಲ್ಲಿ ಎಳೆ ಎಳೆಯಾಗಿ ತೇಲುತ್ತದೆ. ಕಂದು ಪುಡಿ ಬೆರಳಿಗೆ ಅಂಟಿದರೆ ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ. ಹೊಸ ಟ್ಯಾಂಕ್‌ಗೆ ಅದು ಸಾಮಾನ್ಯ, ಒರೆಸಿದರೆ ಮುಗಿಯಿತು. ನೀಲಿ-ಹಸಿರು ಪದರ ಹಾಳೆಯಂತೆ ಎದ್ದು ಬಂದು ಕೆಟ್ಟ ವಾಸನೆ ಹೊಡೆದರೆ ಅದು ಸಯಾನೋಬ್ಯಾಕ್ಟೀರಿಯಾ, ಪಾಚಿಯ ವೇಷದಲ್ಲಿರುವ ಬ್ಯಾಕ್ಟೀರಿಯಾ. ಪೈಪ್‌ನಿಂದ ಎಳೆದು ತೆಗೆದು, ಮೂರು ದಿನ ಟ್ಯಾಂಕ್ ಕತ್ತಲಾಗಿಡಿ.

ಬಿಳಿ ಜಾಸ್ತಿ ಇದ್ದರೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಎದ್ದದ್ದನ್ನು ನೀರು ಬದಲಿಸುವಾಗ ಎಳೆದುಕೊಳ್ಳಿ. ಮತ್ತೆ ಬರುತ್ತದೆ, ಬೇಸರ ಬೇಡ. ತೀರಾ ದಟ್ಟವಾಗಿದ್ದರೆ ನೀರಿನ ಆಮ್ಲಜನಕ ಕಡಿಮೆಯಾಗಬಹುದು. ಏರ್ ಪಂಪ್ ಓಡುತ್ತಿರಲಿ. ಟೀ ಬಣ್ಣ ಮರದಿಂದ ಇಳಿಯುವ ಟ್ಯಾನಿನ್ ಅನ್ನುವ ಅಂಶದ್ದು, ಮೀನಿಗೆ ಕೆಡುಕಿಲ್ಲ. ಕಣ್ಣಿಗೆ ಹಿಡಿಸದಿದ್ದರೆ ಫಿಲ್ಟರ್‌ನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇಡಿ.

ಉತ್ತರ 2: ಕಪ್ಪು ಚುಕ್ಕೆ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? ಕುಂಚದ ಹಾಗೆ ಗಿಡ್ಡ ಕೂದಲು ಎದ್ದು ನಿಂತಿದ್ದು, ಉಜ್ಜಿದರೂ ಬರದಿದ್ದರೆ ಅದು ಬ್ಲ್ಯಾಕ್ ಬಿಯರ್ಡ್ ಆಲ್ಗೆ. ಹೆಸರು ಕಪ್ಪು, ಜಾತಿಯಲ್ಲಿ ಕೆಂಪು ಪಾಚಿ. ನನ್ನನ್ನು ಆರು ತಿಂಗಳು ಕಾಡಿದೆ. ಕೊನೆಗೆ ಮರವನ್ನೇ ಹೊರಗೆ ತೆಗೆದು, 3% ಹೈಡ್ರೋಜನ್ ಪೆರಾಕ್ಸೈಡ್ ಸವರಿ, ಐದು ನಿಮಿಷ ಬಿಟ್ಟು ಚೆನ್ನಾಗಿ ತೊಳೆದು ಒಳಗಿಟ್ಟೆ. ಮೂರನೇ ದಿನ ಕೂದಲೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಆಗ ಸತ್ತಿದೆ ಅಂತ ಅರ್ಥ. ಮರಕ್ಕೆ ಮಾಸ್ (ಹಾವಸೆ ಗಿಡ) ಕಟ್ಟಿದ್ದರೆ ಅದಕ್ಕೆ ತಗುಲಿಸಬೇಡಿ, ಸುಟ್ಟು ಹೋಗುತ್ತದೆ. ಲೈಟ್ ದಿನಕ್ಕೆ ಆರೇಳು ಗಂಟೆ ಸಾಕು. ನಾನು ಸುಮ್ನೆ ಹನ್ನೆರಡು ಗಂಟೆ ಉರಿಸುತ್ತಿದ್ದೆ.

ಆದರೆ ಎಂಟೇ ದಿನದ ಟ್ಯಾಂಕ್‌ನಲ್ಲಿ ಅದು ಬಂದಿರುವುದು ಅನುಮಾನ.

ಉತ್ತರ 3: ಹಾಕುವ ಮೊದಲು ಒಂದೆರಡು ಗಂಟೆ ಕುದಿಸಿದರೆ ಇಷ್ಟು ಕಾಟ ಇರಲ್ಲ. ಸಕ್ಕರೆ ಅಂಶವೂ ಬಣ್ಣವೂ ಸಾಕಷ್ಟು ಇಳಿಯುತ್ತದೆ, ಮರ ಬೇಗ ಮುಳುಗುತ್ತದೆ. ಪಾತ್ರೆಗೆ ಹಿಡಿಸದ ಮರವಾದರೆ ಬಕೆಟ್‌ನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ. ಕುದಿಸಿದ ಮೇಲೂ ನನಗೆ ಬಿಳಿ ಬಂದಿದೆ, ಆದರೆ ಹತ್ತೇ ದಿನ ಇತ್ತು. ಒಂದು ಮಾತ್ರ ನೋಡಿಕೊಳ್ಳಿ. ಬೆರಳಿಗೆ ಮರವೇ ಮೆತ್ತಗೆ ಒತ್ತಿಕೊಂಡು ಹೋಗಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೊಳೆಯುತ್ತಿದೆ. ಅದನ್ನು ಮಾತ್ರ ನಿಜವಾಗಿಯೂ ಬಿಸಾಡಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಈಗ ತಾನೇ ಉಜ್ಜಿ ನೋಡಿದೆ. ಬಿಳಿ ಪಕ್ಕಾ ಸಿಂಬಳ! ಮರ ಗಟ್ಟಿಯಾಗಿದೆ, ವಾಸನೆ ಇಲ್ಲ. ಕಪ್ಪು ಚುಕ್ಕೆಗೆ ಕೂದಲೇ ಇಲ್ಲ. ಉಗುರಿನಿಂದ ಕೆರೆದೆ, ಟಾರ್ಚ್ ಬಿಟ್ಟು ನೋಡಿದೆ. ಅದು ಮರದ್ದೇ ಗಂಟು.