ಸಹಾಯ ಬೇಕು: ಅಪ್ಪನ ಸ್ಟೆಂಟ್‌ಗೆ ಯಾವ ಕಾರ್ಡ್ ಹಿಡಿದು ಹೋಗಲಿ?

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ಜಿಲ್ಲೆ, ಶ್ರೀನಿವಾಸಪುರದ ಹತ್ತಿರ ಒಂದು ಹಳ್ಳಿ. ಅಪ್ಪನಿಗೆ ಸ್ಟೆಂಟ್ ಹಾಕಬೇಕು ಅಂದಿದ್ದಾರೆ.

ನಮ್ಮದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ, ಆದರೆ ಅದು ಇಡೀ ಮನೆಗೆ ಸೇರಿ. ಅಮ್ಮನ ಚಿಕಿತ್ಸೆಗೆ ಈಗಾಗಲೇ ಅದರಲ್ಲಿ ಒಂದಿಷ್ಟು ಹೋಗಿದೆ. 2024ರಲ್ಲಿ ಕೇಂದ್ರ ತಂದ ವಯ ವಂದನಾ ಕಾರ್ಡ್‌ನಲ್ಲಿ 70 ತುಂಬಿದವರಿಗೆ ಬೇರೆಯೇ 5 ಲಕ್ಷ. ಆದಾಯ ನೋಡುವುದಿಲ್ಲ, ಆಧಾರ್‌ನಲ್ಲಿರುವ ವಯಸ್ಸು ನೋಡುತ್ತಾರೆ. ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇವೆ. ಅಪ್ಪನಿಗೆ 73, ಆಧಾರ್‌ನಲ್ಲಿ 69! ಆಧಾರ್ ಮಾಡಿಸುವ ದಿನ ಅಲ್ಲಿನವರು "ಎಷ್ಟು ವಯಸ್ಸು ತಾತ?" ಅಂತ ಕೇಳಿದ್ದಕ್ಕೆ ಅಪ್ಪ ಬಾಯಿಗೆ ಬಂದದ್ದು ಹೇಳಿದ್ದಾರೆ, ಅವರು ಹುಟ್ಟಿದ ದಿನ ಜನವರಿ 1 ಅಂತ ಸುಮ್ನೆ ಒತ್ತಿದ್ದಾರೆ. ಅಪ್ಪ ಓದಿದ ಶಾಲೆಯ ದಾಖಲೆ ಗೆದ್ದಲು ತಿಂದಿದೆ.

ಇನ್ನು ಯಶಸ್ವಿನಿ, ಸಹಕಾರ ಸಂಘದ ಸದಸ್ಯರು ವರ್ಷಕ್ಕೊಮ್ಮೆ ಹಣ ಕಟ್ಟಿ ಸೇರುವ ಆರೋಗ್ಯ ಯೋಜನೆ. ಅಪ್ಪ ಹಾಲಿನ ಸೊಸೈಟಿ ಸದಸ್ಯರು, ಆದರೆ ಈ ವರ್ಷ ಹಣ ಕಟ್ಟಿಲ್ಲ. ನನ್ನದೇ ತಪ್ಪು, ಬೈಯಬೇಡಿ.

ಶಾಲೆ ದಾಖಲೆ ಇಲ್ಲದೆ ಆಧಾರ್‌ನಲ್ಲಿ ಹುಟ್ಟಿದ ದಿನ ತಿದ್ದಿಸಿದವರು ಯಾರಾದರೂ ಇದ್ದೀರಾ? ಏನು ಕಾಗದ ಕೊಟ್ಟಿರಿ? ಇಲ್ಲ, ಅದನ್ನು ಬಿಟ್ಟು ಜಿಲ್ಲಾ ಆಸ್ಪತ್ರೆಯಿಂದ ರೆಫರಲ್ ಬರೆಸಿಕೊಂಡು ಬಿಪಿಎಲ್ ಕಾರ್ಡ್‌ನಲ್ಲೇ ಮುಂದುವರಿಯುವುದು ಒಳ್ಳೆಯದಾ? ನನಗೆ ಇದೇ ಬೇಗ ಅನ್ನಿಸುತ್ತಿದೆ. ಖಾಸಗಿ ಆಸ್ಪತ್ರೆಯೊಂದರಲ್ಲಿ ಕೇಳಿದರೆ "ಮೊದಲು ಅಡ್ವಾನ್ಸ್ ಕಟ್ಟಿ, ಕಾರ್ಡ್ ಆಮೇಲೆ" ಅಂದರು. ಸೋಮವಾರ ಕೋಲಾರಕ್ಕೆ ಹೋಗುತ್ತಿದ್ದೇವೆ, ಅಷ್ಟರೊಳಗೆ ಗೊತ್ತಿದ್ದವರು ಹೇಳಿ.