ಅಪ್ಪನ .22 ಎನ್‌ಫೀಲ್ಡ್: ಐದು ತೋಟೆಗೆ ಒಂದು ಠುಸ್. ಕಾರಣ ಎಂತ?

ಪೆರ್ಲದ ಅಡಿಕೆಯವ:

ಎಲ್ಲರಿಗೂ ನಮಸ್ಕಾರ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ. ಅಪ್ಪ ಕೊಡಗಿನ ಎಸ್ಟೇಟೊಂದರಲ್ಲಿ ರೈಟರ್ (ಗುಮಾಸ್ತ) ಆಗಿದ್ದವರು. ಆ ಕಾಲದಲ್ಲಿ ಲೈಸೆನ್ಸ್ ಮಾಡಿಸಿ ತೆಗೆದುಕೊಂಡ ಹಳೇ ರೈಫಲ್ ಒಂದು ನಮ್ಮಲ್ಲಿದೆ. ಅವರಿಗೆ ಎಪ್ಪತ್ತು ದಾಟಿದ ಮೇಲೆ ಅದು ನನ್ನ ಹೆಸರಿಗೆ ಬಂತು. ಆ ಪೇಪರ್ ಕೆಲಸದ ಕಥೆ ಇನ್ನೊಂದು ದಿನ.

ನೋಡಲು ಥೇಟ್ ಪೊಲೀಸರ ಹಳೇ .303. ತೂಕವೂ ನಾಲ್ಕು ಕಿಲೋ ಹತ್ತಿರ. ನಳಿಗೆಯ ತೂತು ಮಾತ್ರ ಪೆನ್ಸಿಲ್ ಹೋಗದಷ್ಟು ಸಣ್ಣದು, .22 ಇಂಚು. ಹಿಡಿಯ ಹತ್ತಿರದ ಉಕ್ಕಿನ ಪಟ್ಟಿಯಲ್ಲಿ ಕಿರೀಟ, ಕೆಳಗೆ ಜಿ.ಆರ್. (ಜಾರ್ಜ್ ದೊರೆಯ ಗುರುತು), ಎನ್‌ಫೀಲ್ಡ್ (ಬ್ರಿಟಿಷರ ಕೋವಿ ಕಾರ್ಖಾನೆ), 1917. ಇನ್ನೊಂದು ಕಡೆ ಎರಡು ಬಾಣದ ಗುರುತು, ಮೂತಿಗೆ ಮೂತಿ ತಾಗಿಸಿದ ಹಾಗೆ. ಮ್ಯಾಗಜಿನ್ ಪೆಟ್ಟಿಗೆ ಇದೆ, ಆದರೆ ಅದರಲ್ಲಿ ತೋಟೆ ತುಂಬಿಸಲು ಆಗುವುದಿಲ್ಲ. ಒಂದೊಂದೇ ಕೈಯಲ್ಲಿ ಹಾಕಬೇಕು.

ತಿಂಗಳಿಗೊಮ್ಮೆ ಕ್ಲಬ್ಬಿನ ರೇಂಜಿಗೆ ಹೋಗಿ 25 ಗಜದಲ್ಲಿ ಮಲಗಿ ಹೊಡೆಯುತ್ತೇನೆ. ಸಿಡಿದರೆ ಬಹಳ ಚೆಂದ. ಐದು ಈಡೂ ಒಂದು ಚಾಲಿ ಅಡಿಕೆಯ ಅಗಲದೊಳಗೆ ಬೀಳುತ್ತವೆ. ಆದರೆ ಐದಕ್ಕೆ ಒಂದಾದರೂ ಟಿಕ್ ಅಂತ ಸದ್ದು ಮಾಡಿ ಸುಮ್ಮನಾಗುತ್ತದೆ. ಜನವರಿಯಲ್ಲಿ ಕುಂಬಳೆ ಬೆಡಿ (ಜಾತ್ರೆಯ ಸುಡುಮದ್ದು) ನೋಡಿ ಬಂದ ವಾರ, ಬೆಳಗ್ಗೆ ಏಳಕ್ಕೇ ಹೋಗಿದ್ದೆ. 20ರಲ್ಲಿ 7 ಠುಸ್! ನಮ್ಮಲ್ಲಿ ಕೋವಿಗೂ ಬೆಡಿ ಅಂತಲೇ ಹೇಳುವುದು. ಊರಿನ ಬೆಡಿ ಸಿಡಿಯಿತು, ನನ್ನ ಬೆಡಿ ಸಿಡಿಯಲಿಲ್ಲ.

ಆರೈಕೆ ಕಮ್ಮಿ ಅಂತ ಹೇಳಬೇಡಿ. 2024ರ ಎಲೆಕ್ಷನ್ ಟೈಮಲ್ಲಿ ಎಲ್ಲರ ಹಾಗೆ ನಾನೂ ರೈಫಲನ್ನು ಪೊಲೀಸರಲ್ಲಿ ಡಿಪಾಸಿಟ್ ಮಾಡಿದ್ದೆ. ವಾಪಸ್ ತಂದಾಗ ಬೋಲ್ಟಿನ (ತೋಟೆಯನ್ನು ಒಳಗೆ ತಳ್ಳಿ ಮುಚ್ಚುವ ಉಕ್ಕಿನ ಸರಳು) ಸುತ್ತ ಕಂದು ತುಕ್ಕು, ಮರಕ್ಕೆ ಬೂಸ್ಟು. ಎಲ್ಲಿ ಇಟ್ಟಿದ್ದರೋ, ದೇವರಿಗೇ ಗೊತ್ತು. ಅಂದಿನಿಂದ ಪ್ರತಿ ಸಲ ಹೊಡೆದು ಬಂದ ಮೇಲೆ ನಮ್ಮದೇ ಕೊಬ್ಬರಿಯ ಗಾಣದ ಎಣ್ಣೆಯನ್ನು ಧಾರಾಳ ಹಾಕುತ್ತೇನೆ, ಬೋಲ್ಟಿನ ಒಳಗೂ.

ಇನ್ನೊಂದು. ತೋಟದಲ್ಲಿ ಹಂದಿ ಕಾಟ ಜಾಸ್ತಿ. ಬಾಳೆ ಬುಡ ಒಂದೂ ಉಳಿದಿಲ್ಲ. ಪಂಚಾಯತಿನ ಅನುಮತಿ ಸಿಕ್ಕಿದರೆ ಇದರಲ್ಲಿ ಹೊಡೆಯಬಹುದಾ?

ಹಳೇ ಕೆಡೆಟ್:

ನಿಮ್ಮದು ನಿಜವಾಗಿಯೂ .303 ಆಗಿ ಹುಟ್ಟಿದ್ದು, ಅಣ್ಣ. ದೊಡ್ಡ ತೋಟೆ ಖರ್ಚು ಮಾಡದೆ ಹುಡುಗರಿಗೆ ಗುರಿ ಕಲಿಸಲು ಬ್ರಿಟಿಷರು ಹಳೇ ರೈಫಲ್‌ಗಳನ್ನು .22ಕ್ಕೆ ಬದಲಿಸಿದರು. ಕೆಲವಕ್ಕೆ ಹೊಸ ನಳಿಗೆ, ಕೆಲವಕ್ಕೆ ಹಳೇ ನಳಿಗೆಯೊಳಗೇ ಸಣ್ಣ ಕೊಳವೆ. ಮ್ಯಾಗಜಿನ್ ಖಾಲಿ ಪೆಟ್ಟಿಗೆ ಮಾತ್ರ, ಖಾಲಿ ತೋಟೆ ಬೀಳಲಿಕ್ಕೆ. ಆ ಎರಡು ಬಾಣ ಅಂದರೆ ಸೇನೆ ಅದನ್ನು ಹೊರಗೆ ಮಾರಿದೆ ಅಂತ ಅರ್ಥ. ಒಂದೇ ಬಾಣ ಇದ್ದರೆ ಸರ್ಕಾರದ ಸೊತ್ತು.

ನಾವು ಎನ್‌ಸಿಸಿಯಲ್ಲಿ ಹೊಡೆದದ್ದೂ ಇಂಥದ್ದರಲ್ಲೇ. ಉಸ್ತಾದ್ 'ಶಿಸ್ತ್ ಲೋ' ಅಂತ ಕೂಗುತ್ತಿದ್ದರು. ಗುರಿ ಹಿಡಿ ಅಂತ ಅರ್ಥವಂತೆ. ನಾನು ಮೊದಲ ದಿನ ಶಿಸ್ತಿನಲ್ಲಿರು ಅಂತ ತಿಳಿದು ಅಲ್ಲಾಡದೆ ಮಲಗಿದ್ದೆ! ಪಕ್ಕದವರೆಲ್ಲ ಐದೈದು ಮುಗಿಸಿದರು.

ಮುಳ್ಳೇರಿಯದಿಂದ:

ಹಂದಿಗೆ .22 ಬೇಡವೇ ಬೇಡ, ಮಾರಾಯ್ರೇ. ಅದರ ಗುಂಡು ಸುಮಾರು 2.6 ಗ್ರಾಂ. ಹಂದಿಗೆ ಗಾಯ ಆಗುತ್ತದೆ, ಸಾಯುವುದಿಲ್ಲ. ಗಾಯದ ಹಂದಿ ಎಂತ ಮಾಡುತ್ತದೆ ಅಂತ ನಮ್ಮೂರಿನವರಿಗೆ ನಾನು ಹೇಳಬೇಕಾ? 2022ರಿಂದ ಕೇರಳದಲ್ಲಿ ಪಂಚಾಯತ್ ಅಧ್ಯಕ್ಷರೇ ಅನುಮತಿ ಕೊಡಬಹುದು ನಿಜ. ಆ ಕೆಲಸವನ್ನು ಲೈಸೆನ್ಸ್ ಇರುವ ಪಳಗಿದವರಿಗೆ, ದೊಡ್ಡ ಕೋವಿಯವರಿಗೆ ಬಿಡಿ.

ತೋಟದಲ್ಲಿ ತೆಂಗಿನ ಚಿಪ್ಪಿಗೆ ಹೊಡೆದು ನೋಡುವ ಆಸೆಯೂ ಬೇಡ. ಸಣ್ಣ ಗುಂಡು ಅಂತ ಕಾಣುತ್ತದೆ, ಒಂದು ಮೈಲಿಗಿಂತ ದೂರ ಹೋಗುತ್ತದೆ. ಪಾದೆಗೆ (ಬಂಡೆಗೆ) ತಾಗಿದರೆ ಯಾವ ಕಡೆ ಎಗರುತ್ತದೋ ಗೊತ್ತಿಲ್ಲ.

ರಿಪೇರಿಗೆ ಮಂಗಳೂರಿಗೆ ಒಯ್ಯುವುದಾದರೆ ಮೊದಲು ಲೈಸೆನ್ಸಿನಲ್ಲಿ ಏರಿಯಾ ನೋಡಿ. ಕೇರಳ ಅಂತ ಮಾತ್ರ ಇದ್ದರೆ ತಲಪಾಡಿ ಗಡಿ ದಾಟಬೇಡಿ.

ರಿಟೈರ್ಡ್ ಮಾಷ್ಟ್ರು:

ಎಣ್ಣೆಯ ಕಥೆ ಓದಿದಾಗಲೇ ನಗು ಬಂತು. ತೆಂಗಿನೆಣ್ಣೆ 24 ಡಿಗ್ರಿ ಆಸುಪಾಸಿನಲ್ಲೇ ಗಟ್ಟಿಯಾಗಲು ಶುರು. ಜನವರಿ ಬೆಳಗ್ಗೆ ಬಚ್ಚಲಿನ ಬಾಟ್ಲಿ ನೋಡಿಲ್ವಾ? ನಿಮ್ಮ ಬೋಲ್ಟಿನೊಳಗೂ ಅದೇ ಆಗಿದೆ. ಬಿಸಿಲಿಗೆ ಕರಗಿದರೂ ಹಳೆಯದಾಗಿ ಅಂಟು ಹಿಡಿಯುತ್ತದೆ.

ಟ್ರಿಗರ್ ಎಳೆದಾಗ .303ರಲ್ಲಿ ಬೋಲ್ಟಿನೊಳಗಿನ ಪಿನ್ನು ತೋಟೆಯ ಹಿಂಭಾಗದ ನಡುವಿಗೆ ಬಡಿಯುತ್ತದೆ. .22ರಲ್ಲಿ ಸಿಡಿಮದ್ದು ಇರುವುದು ಅಂಚಿನ ಮಡಿಕೆಯೊಳಗೆ, ಹಾಗಾಗಿ ಅಂಚಿಗೇ ಬಡಿಯಬೇಕು. ಅದಕ್ಕಾಗಿ ನಿಮ್ಮ ಬೋಲ್ಟಿನ ತಲೆಯೊಳಗೆ ಇನ್ನೊಂದು ಪುಟ್ಟ ಪಿನ್ನು ಇದೆ. ದೊಡ್ಡ ಪಿನ್ನು ಅದನ್ನು ಬಡಿಯುತ್ತದೆ, ಅದು ತೋಟೆಯನ್ನು. ಎರಡರಲ್ಲಿ ಒಂದು ನಿಧಾನವಾದರೂ ಪೆಟ್ಟು ಸಾಲುವುದಿಲ್ಲ.

ಠುಸ್ ಆದಾಗ ಕೂಡಲೇ ಬೋಲ್ಟ್ ತೆಗೆಯಬೇಡಿ. ಮೂತಿ ಗುರಿಯ ಕಡೆಗೇ ಇರಲಿ, ಅರ್ಧ ನಿಮಿಷ ಕಾಯಿರಿ. ಮದ್ದು ತಡವಾಗಿ ಹೊತ್ತುವುದೂ ಉಂಟು. ಆಮೇಲೆ ತೋಟೆಯ ಅಂಚು ನೋಡಿ. ಗುಳಿ ತೆಳ್ಳಗಿದ್ದರೆ ಪಿನ್ನು ಅಥವಾ ಸ್ಪ್ರಿಂಗ್. ಎರಡನೇ ಸಲಕ್ಕೆ ಸಿಡಿದರೆ ತೋಟೆ ಪೂರ್ತಿ ಒಳಗೆ ಕೂತಿರಲಿಲ್ಲ, ಮೊದಲ ಪೆಟ್ಟು ಅದನ್ನು ತಳ್ಳಲಿಕ್ಕೇ ಖರ್ಚಾಯಿತು ಅಂತ ಲೆಕ್ಕ. ಆಗ ತೋಟೆ ಕೂರುವ ಜಾಗದಲ್ಲಿ ಸೀಸ, ಮೇಣ ಕಟ್ಟಿರುತ್ತದೆ. ಗುಳಿ ಚೆನ್ನಾಗಿದ್ದೂ ಸಿಡಿಯದಿದ್ದರೆ ತೋಟೆಯದೇ ದೋಷ.

ಬೋಲ್ಟಿನ ತಲೆ ತಿರುಚಿದರೆ ಬರುತ್ತದೆ. ಚಿಮಿಣಿ ಎಣ್ಣೆಯಲ್ಲಿ (ಸೀಮೆಎಣ್ಣೆ) ಒಂದು ರಾತ್ರಿ ಇಡಿ, ಒರೆಸಿ ಒಣಗಿಸಿ. ಆಮೇಲೆ ಹೊಲಿಗೆ ಮಿಷನ್ ಎಣ್ಣೆ ಒಂದೇ ಹನಿ, ಚಿಂದಿಯಲ್ಲಿ ಸವರಿ. ಮೊಮ್ಮಕ್ಕಳು ಖಾಲಿ ರೈಫಲ್ಲಿನ ಟ್ರಿಗರ್ ಎಳೆದು ಆಡುತ್ತಿದ್ದರೆ ಗದರಿಸಿ. ಖಾಲಿ ಬಡಿದರೆ ಆ ಪುಟ್ಟ ಪಿನ್ನೂ ಹಾಳು, ತೋಟೆ ಕೂರುವ ಅಂಚೂ ಹಾಳು.

ಮಳೆಗಾಲದಲ್ಲಿ ಬಟ್ಟೆಯ ಚೀಲದಲ್ಲಿ ಇಡಬೇಡಿ, ನೀರು ಹೀರುತ್ತದೆ. ನಮ್ಮ ಅಜ್ಜ ಕೇಪಿನ ಕೋವಿಯನ್ನು (ಮೂತಿಯಿಂದ ಮದ್ದು ತುಂಬುವ ಹಳೇ ಕೋವಿ) ಒಲೆಯ ಮೇಲೆ ತೂಗುಹಾಕುತ್ತಿದ್ದರು. ಹೊಗೆಗೆ ತುಕ್ಕು ಹಿಡಿಯುತ್ತಿರಲಿಲ್ಲ. ಈಗ ಹಾಗೆ ಮಾಡಿದರೆ ಲೈಸೆನ್ಸೇ ಹೊಗೆ.

ಪೆರ್ಲದ ಅಡಿಕೆಯವ:

ಮಾಷ್ಟ್ರೇ, ಅಡ್ಡಬಿದ್ದೆ. ಬೋಲ್ಟಿನ ತಲೆ ಬಿಚ್ಚಿದರೆ ಒಳಗೆ ಹಳದಿ ಮೇಣದಂಥದ್ದು ತುಂಬಿತ್ತು. ಪುಟ್ಟ ಪಿನ್ನನ್ನು ಉಗುರಲ್ಲಿ ದೂಡಿದರೂ ಅಲ್ಲಾಡಲಿಲ್ಲ. ಚಿಮಿಣಿ ಎಣ್ಣೆಯಲ್ಲಿ ಇಟ್ಟು ಮರುದಿನ ತೆಗೆದರೆ ಟಕ್ಕೆಂದು ಹೋಗಿಬರುತ್ತದೆ.

ನಿನ್ನೆ 30 ಹೊಡೆದೆ. ಒಂದು ಮಾತ್ರ ಸಿಡಿಯಲಿಲ್ಲ. ಕಾದು ತೆಗೆದು ನೋಡಿದರೆ ಗುಳಿ ಸರಿಯಾಗಿಯೇ ಇತ್ತು. ಅದನ್ನು ರೇಂಜಿನವರ ಕೈಗೆ ಕೊಟ್ಟು ಬಂದೆ. ಹಂದಿಯ ಆಸೆಯನ್ನೂ ಅಲ್ಲೇ ಬಿಟ್ಟೆ.

ಅಪ್ಪನಿಗೆ ಹೇಳಿದೆ, ತೆಂಗಿನೆಣ್ಣೆಯಿಂದಲೇ ಕೆಟ್ಟದ್ದು ಅಂತ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. 'ಕೊಡಗಿನಲ್ಲಿ ನಾನು ಅದನ್ನು ತಲೆಗೆ ಹಾಕುತ್ತಿದ್ದೆ ಮಾರಾಯ, ಕೋವಿಗಲ್ಲ' ಎಂದರು.