ಟೊಮೆಟೊ ದಾರಿಯಲ್ಲೇ ಕೊಳೆತರೆ ನಷ್ಟ ಯಾರದ್ದು?

ಮಂಡಿ ವ್ಯಾಪಾರಿ, ಕೋಲಾರ: ಇಲ್ಲಿಂದ ಕೋಲ್ಕತ್ತಾಗೆ 15 ಕೆಜಿಯ 800 ಬಾಕ್ಸ್ ಟೊಮೆಟೊ ಕಳಿಸಿದ್ದೆ. ದೂರದ ಊರು ಅಂತ ಬಣ್ಣ ತಿರುಗುತ್ತಿದ್ದ ಗಟ್ಟಿ ಕಾಯಿಯನ್ನೇ ಆರಿಸಿದ್ದೆ. ಗೇರ್‌ಬಾಕ್ಸ್ ಹೋಗಿ ಲಾರಿ ಎರಡು ದಿನ ನಿಂತಿತು. ತಾರ್ಪಾಲು ಬಿಚ್ಚಿದಾಗ ಕೆಳಗಿನ ಸಾಲುಗಳಿಂದ ರಸ ಸೋರುತ್ತಿತ್ತಂತೆ. ಅರ್ಧಕ್ಕಿಂತ ಜಾಸ್ತಿ ಮಾಲು ಹೋಯಿತು. ಟ್ರಾನ್ಸ್‌ಪೋರ್ಟ್‌ನವರು ಬಾಡಿಗೆ ಬಿಡುತ್ತೇವೆ, ಅಷ್ಟೇ ಅನ್ನುತ್ತಿದ್ದಾರೆ. ಇದು ನ್ಯಾಯಾನಾ?

ಲಾರಿ ಮಾಲೀಕ, ಮುಳಬಾಗಿಲು: ಬಾಡಿಗೆ ಬಿಡುವುದೇ ದೊಡ್ಡದು ಅಣ್ಣಾ. ಡೀಸೆಲ್, ಟೋಲ್, ಡ್ರೈವರ್ ಬತ್ತಾ ಎಲ್ಲಾ ಕೈಯಿಂದ ಹೋಗಿರುತ್ತದೆ. ಟೊಮೆಟೊ ತಾನಾಗೇ ಕೊಳೆಯುವ ಮಾಲು. ಗೇರ್‌ಬಾಕ್ಸನ್ನು ಯಾರೂ ಬೇಕಂತ ಕೆಡಿಸುವುದಿಲ್ಲ.

ವಕೀಲ, ಚಿಂತಾಮಣಿ: ಬೇಕಂತ ಕೆಡಿಸಿದರಾ ಅನ್ನುವ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ. 2007ರ ಕ್ಯಾರೇಜ್ ಬೈ ರೋಡ್ ಕಾಯ್ದೆ ಪ್ರಕಾರ ಸಾಗಣೆದಾರರ ನಿರ್ಲಕ್ಷ್ಯವನ್ನು ಮಾಲಿನವರು ಸಾಬೀತು ಮಾಡಬೇಕಿಲ್ಲ. 12ನೇ ಸೆಕ್ಷನ್ ನೋಡಿ. ತಪ್ಪಿಸಿಕೊಳ್ಳುವ ಮುಖ್ಯ ದಾರಿಗಳು 17ನೇ ಸೆಕ್ಷನ್‌ನಲ್ಲಿವೆ: ಪ್ರಕೃತಿ ವಿಕೋಪ, ಯುದ್ಧ, ಗಲಭೆ, ಕಾನೂನು ಪ್ರಕಾರದ ಜಪ್ತಿ, ಸರ್ಕಾರದ ನಿರ್ಬಂಧ. ಗಾಡಿ ಕೆಡುವುದು ಅದರಲ್ಲಿಲ್ಲ. ಹಣ್ಣಾದ ಕಾಯಿಯನ್ನೇ ತುಂಬಿದ್ದರು ಅಂತ ಅವರು ವಾದಿಸಬಹುದು. ಅದಕ್ಕೆ ಲೋಡಿಂಗ್ ಫೋಟೊ ಇಟ್ಟುಕೊಂಡಿರಬೇಕು.

ಮಾವು ಬೆಳೆಗಾರ, ಶ್ರೀನಿವಾಸಪುರ: ತಡ ಆದರೆ ಬಾಡಿಗೆಯಷ್ಟೇ ಪರಿಹಾರ ಅಂತ ಕಾಯ್ದೆಯಲ್ಲೂ ಇದೆ ಅಲ್ವಾ ಸಾರ್?

ವಕೀಲ, ಚಿಂತಾಮಣಿ: ಇದೆ, ಆದರೆ ಅರ್ಧ ಓದಬೇಡಿ. ಎಷ್ಟು ದಿನದ ತಡಕ್ಕೆ ಇಬ್ಬರೂ ಒಪ್ಪಿ ಗೂಡ್ಸ್ ಫಾರ್ವರ್ಡಿಂಗ್ ನೋಟ್‌ನಲ್ಲಿ (ಮಾಲು ಬುಕ್ ಮಾಡುವಾಗ ತುಂಬಿ ಕೊಡುವ ಪತ್ರ) ಬರೆದಿದ್ದಾರೋ ಅಷ್ಟಕ್ಕೆ ಮಾತ್ರ ಬಾಡಿಗೆಯ ಮಿತಿ. ಅದು ದಾಟಿದರೆ ಸಾಮಾನ್ಯ ಮಿತಿ, ಅಂದರೆ 2011ರ ನಿಯಮಗಳಂತೆ ಬಾಡಿಗೆಯ 10 ಪಟ್ಟು. ಮಾಲಿನ ಬೆಲೆ ಮೊದಲೇ ಘೋಷಿಸಿ ಜಾಸ್ತಿ ದರ ಕೊಟ್ಟಿದ್ದರೆ ಲೆಕ್ಕ ಬೇರೆ. ಟೊಮೆಟೊಗೆ 10 ಪಟ್ಟು ಸಾಮಾನ್ಯವಾಗಿ ಸಾಕು. ಬಾಡಿಗೆ 90 ಸಾವಿರ ಅಂತಿಟ್ಟುಕೊಳ್ಳಿ, ಮಿತಿ 9 ಲಕ್ಷ. ಬಾಕ್ಸ್‌ಗೆ 400 ರೂಪಾಯಿ ಅಂದರೂ ಇವರ ಇಡೀ ಲೋಡ್ 3.2 ಲಕ್ಷ. ಅವಧಿಯನ್ನೇ ಬರೆಯದೆ ಬಾಡಿಗೆಯಷ್ಟೇ ಅನ್ನುವುದು ನಿಲ್ಲುವುದಿಲ್ಲ ಅಂತಲೇ ನನ್ನ ವಾದ.

ಲಾರಿ ಮಾಲೀಕ, ಮುಳಬಾಗಿಲು: ಹಾಗಾದರೆ ಒಂದೇ ಲಾರಿ ಇಟ್ಟುಕೊಂಡವನು ಮನೆ ಮಾರಬೇಕಾ? ಕಮಿಷನ್ ತಿಂದ ಬುಕಿಂಗ್ ಆಫೀಸಿನವನು ಆರಾಮಾಗಿರುತ್ತಾನೆ.

ವಕೀಲ, ಚಿಂತಾಮಣಿ: ನಿಮ್ಮ ಸಿಟ್ಟು ಸರಿಯಾಗೇ ಇದೆ. ಆದರೆ ಬುಕಿಂಗ್ ಕಂಪನಿ, ಏಜೆಂಟ್, ಬ್ರೋಕರ್ ಕೂಡ ಈ ಕಾಯ್ದೆಯೊಳಗೆ ಬರುತ್ತಾರೆ. ಬಿಲ್ಟಿ, ಅಂದರೆ ಮಾಲು ತೆಗೆದುಕೊಂಡಿದ್ದಕ್ಕೆ ಕೊಡುವ ರಸೀದಿ, ಯಾರ ಹೆಸರಲ್ಲಿದೆಯೋ ಅವರನ್ನೇ ಮೊದಲು ಹಿಡಿಯಬೇಕು. ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ದಾವೆಯೇ ನಿಲ್ಲುವುದಿಲ್ಲ.

ಮಂಡಿ ವ್ಯಾಪಾರಿ, ಕೋಲಾರ: ಬಿಲ್ಟಿ ಬುಕಿಂಗ್ ಆಫೀಸಿನದ್ದೇ. ಫಾರ್ವರ್ಡಿಂಗ್ ನೋಟ್‌ನಲ್ಲಿ ತಡದ ಅವಧಿಯ ಜಾಗ ಖಾಲಿ ಬಿಟ್ಟಿದ್ದಾರೆ. ಉಳಿದ ಮಾಲು ಮಾರಿದ ಚೀಟಿ ವಾಟ್ಸಾಪ್‌ನಲ್ಲಿ ಬಂದಿದೆ, ಸಾಕಾ?

ವಕೀಲ, ಚಿಂತಾಮಣಿ: ಮೂಲ ಚೀಟಿಯನ್ನೇ ಕೊರಿಯರ್‌ನಲ್ಲಿ ತರಿಸಿಕೊಳ್ಳಿ. ಅವತ್ತಿನ ಅಲ್ಲಿನ ಮಂಡಿ ದರವನ್ನೂ ಬರೆಸಿಕೊಳ್ಳಿ. ನೋಟಿಸನ್ನು ರಿಜಿಸ್ಟ್ರೇಷನ್ ಸಮೇತ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.